ಯಾವ ಕೆರೆ ಅಂತ ಕೇಳಿದ್ಮೇಲೇನೇ ಎರೆ ಕೊಡೋ ಅಂಗಡಿ

‘ಒಳ್ಳೇ ಎರೆ ಯಾವುದಿದ್ಯೋ ಅದು ಅರ್ಧ ಕೆಜಿ ಕೊಡಿ’ ಅಂದೆ. ಎರೆ ಅಂದ್ರೆ ಮೀನು ಹಿಡಿಯೋಕೆ ಗಾಳದ ಕೊಕ್ಕೆಗೆ ಸಿಗ್ಸೋ ಮೇವು. ಅಂಗಡಿ ಯಜಮಾನ್ರು ಡಬ್ಬದ ಮುಚ್ಚಳಾನೇ ತೆಗೀಲಿಲ್ಲ. ‘ಯಾವ್ ಕೆರೆಗ್ ಓಯ್ತಿದ್ದೀರಿ ಸಾ?’ ಅಂದ್ರು. ಪಾಂಡವಪುರದ ಕಡೆ ಒಂದು ಕೆರೆ ಹೆಸರು ಹೇಳ್ದೆ. ‘ಅಲ್ಲಿ ಮರಿ ಬುಟ್ಟು ಸಾಕವ್ರಾ, ಇಲ್ಲಾ ನಾಲೆ ನೀರ್ನಲ್ಲಿ ಬಂದಿರವಾ?’ ಅಂದ್ರು. ಗೊತ್ತಿಲ್ಲ ಅಂದೆ. ‘ನೀರು ತಿಳಿಯಾಗದಾ, ಬಗ್ಗಡಾಗದಾ?’ ಅದೂ ಗೊತ್ತಿರಲಿಲ್ಲ. ಆಮೇಲೆ ‘ಕೆರೆ ಗುತ್ತಿಗೆ ಇಡ್ದಿರೋರ್ನ ಕೇಳಿದ್ದೀರಾ?’ ಅಂದ್ರು, ಅದನ್ನ ಮಾತ್ರ ಕೇಳಿದ್ದೆ, ಹೂಂ ಅಂದೆ. ಆವತ್ತು ಅವ್ರು ಏನೂ ಮಾರ್ಲಿಲ್ಲ ನಂಗೆ. ಹೋಗಿ ನೋಡ್ಕೊಂಡು ಬನ್ನಿ, ನಾಳೆ ಕೊಡ್ತೀನಿ ಅಂದ್ರು. ಮೈಸೂರಿಂದ ಬೈಕಲ್ಲಿ ಹೋಗಿದ್ದೆ, ಸ್ವಲ್ಪ ಬೇಜಾರಾಯ್ತು ನಿಜ, ಆದ್ರೆ ಈಗ ಎರಡು ವರ್ಷದಿಂದ ಆ ಅಂಗಡಿ ಬಿಟ್ಟು ಬೇರೆ ಕಡೆ ನಾನು ಎರೆ ತಗೊಂಡಿಲ್ಲ, ಅದಕ್ಕೇ ಈ ರಿವ್ಯೂ ಬರೀತಿದ್ದೀನಿ.

ಅಂಗಡಿ ಮಂಡ್ಯದಿಂದ ಪಾಂಡವಪುರದ ಕಡೆ ಹೋಗೋ ರಸ್ತೇಲಿದೆ. ಬೋರ್ಡ್ ಇಲ್ಲ. ಒಂದು ಗೊಬ್ಬರದ ಅಂಗಡಿ ಪಕ್ಕ ಸಣ್ಣ ಮಳಿಗೆ, ಬಾಗಿಲಲ್ಲಿ ಬಿದಿರಿನ ಗಾಳದ ಕಡ್ಡಿಗಳು ನಿಲ್ಲಿಸಿರ್ತಾರೆ, ಅದೇ ಗುರುತು. ಒಳಗೆ ಗೋಡೆಗೆ ತಂಗೂಸಿ ದಾರ, ಸೀಸದ ಗುಂಡು, ಬೆಂಡು, ನಂಬರ್ ಪ್ರಕಾರ ಕೊಕ್ಕೆ, ಎಲ್ಲಾ ಕಡೆ ಸಿಗೋ ಸಾಮಾನೇ. ವಿಶೇಷ ಇರೋದು ಮೂಲೇಲಿರೋ ಮೂರು ಡ್ರಮ್ಮಲ್ಲಿ ಮತ್ತೆ ಟೇಬಲ್ ಮೇಲಿರೋ ಒಂದು ಗಾಜಿನ ಜಾಡೀಲಿ. ಡ್ರಮ್ಮಲ್ಲಿ ತೌಡು, ಕಡಲೆಕಾಯಿ ಹಿಂಡಿ, ರಾಗಿ ಹಿಟ್ಟು. ಜಾಡೀಲಿ ಬರೀ ನೀರು.

ಆ ಜಾಡಿ ಬಗ್ಗೆ ಹೇಳ್ಬೇಕು. ಮಾರನೇ ದಿನ ಹೋದಾಗ ಅವ್ರು ತೌಡು ಹಿಂಡಿ ಸಮ ಸಮ ತಗೊಂಡು, ನೀರು ಚಿಮುಕಿಸಿ, ನಿಂಬೆಹಣ್ಣಿನ ಗಾತ್ರ ಒಂದು ಉಂಡೆ ಕಟ್ಟಿ ಜಾಡಿಗೆ ಬಿಟ್ರು. ‘ನೋಡ್ತಾ ಇರಿ’ ಅಂದ್ರು. ಉಂಡೆ ತಳಕ್ಕೆ ಕೂತ್ಕೊಳ್ತು. ಒಂದು ನಿಮಿಷ ಏನೂ ಆಗ್ಲಿಲ್ಲ. ಆಮೇಲೆ ಉಂಡೆ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಬಂತು, ಪಕ್ಕದಿಂದ ಒಂದು ಚೂರು ಉದುರ್ತು, ತೌಡಿನ ಹೊಟ್ಟು ಮೇಲಕ್ಕೆ ತೇಲ್ತು, ನಡುವೆ ನೀರು ಹಾಲು ಕಲಸಿದಂಗೆ ಬೆಳ್ಳಗಾಯ್ತು. ಐದು ನಿಮಿಷಕ್ಕೆ ಜಾಡಿ ಆ ಕಡೆ ಇಟ್ಟಿದ್ದ ಕ್ಯಾಲೆಂಡರ್ ಕಾಣ್ದಂಗಾಯ್ತು. ‘ಇದು ಕಾಟ್ಲಾಗೆ’ ಅಂದ್ರು. ಆಮೇಲೆ ಬೇರೆ ಡಬ್ಬದಿಂದ ಗಟ್ಟಿ ರಾಗಿ ಉಂಡೆ ಒಂದು ತೆಗೆದು ಇನ್ನೊಂದು ಲೋಟದ ನೀರಿಗೆ ಹಾಕಿದ್ರು, ನಾವು ಟೀ ಕುಡಿದು ಮುಗಿಸೋವರೆಗೂ ಅದು ಹಂಗೇ ಕೂತಿತ್ತು. ‘ಇದು ಹೊಳೆಗೆ’ ಅಂದ್ರು. ಅಷ್ಟೇ ಪಾಠ. ಆದ್ರೆ ಆ ಒಂದು ಜಾಡಿ ನೋಡಿದ್ಮೇಲೆ ನಾನು ಹತ್ತು ವರ್ಷ ಎರೆ ಬಗ್ಗೆ ಅನ್ಕೊಂಡಿದ್ದೆಲ್ಲಾ ತಲೆಕೆಳಗಾಯ್ತು.

ಯಾಕೆ ಅಂದ್ರೆ ಕಾಟ್ಲಾ ಬಾಯಿ ನೋಡಿ, ಮೇಲ್ಮುಖವಾಗಿರುತ್ತೆ, ಕೆಳದವಡೆ ಮುಂದಕ್ಕೆ ಚಾಚಿರುತ್ತೆ. ಅದು ನೀರಿನ ಮೇಲ್ಪದರದಲ್ಲಿ ತೇಲೋ ಸೂಕ್ಷ್ಮ ಜೀವಿಗಳನ್ನ ಕಿವಿರಿನಲ್ಲಿ ಸೋಸಿ ತಿನ್ನೋ ಮೀನು. ಅದರ ಮುಂದೆ ಗಟ್ಟಿ ಉಂಡೆ ಒಂದನ್ನ ತಳದಲ್ಲಿ ಇಟ್ರೆ ಅದಕ್ಕೆ ಗೊತ್ತೇ ಆಗಲ್ಲ. ಮೋಡದ ಥರ ಹರಡಿ ಮೇಲಕ್ಕೇಳೋ ಎರೆ ಇದ್ರೆ ಅದು ಬಾಯಿ ತೆಕ್ಕೊಂಡು ಆ ಮೋಡದೊಳಗೆ ಬರುತ್ತೆ, ಸೋಸ್ತಾ ಸೋಸ್ತಾ ನಡುವೆ ಇರೋ ಕೊಕ್ಕೇನೂ ಎಳ್ಕೊಳ್ಳುತ್ತೆ. ರೋಹು ನಡುನೀರಲ್ಲಿ ಓಡಾಡೋದು, ಮೃಗಾಲ್ ತಳದ್ದು, ಅದರ ಬಾಯಿ ಕೆಳಕ್ಕಿರುತ್ತೆ. ಸಾಮಾನ್ಯ ಗೆಂಡೆ ಅಂತೂ ಬಾಯನ್ನ ಕೊಳವೆ ಥರ ಮುಂದಕ್ಕೆ ಚಾಚಿ ಕೆಸರು ಬಗೆಯುತ್ತೆ, ತಿನ್ನೋದನ್ನ ಇಟ್ಕೊಂಡು ಉಳಿದ ಮಣ್ಣು ಉಗಿಯುತ್ತೆ. ಒಂದೇ ಕೆರೇಲಿ ಇವೆಲ್ಲಾ ಇದ್ರೂ ಒಂದೇ ಎರೆ ಎಲ್ಲಕ್ಕೂ ಆಗಲ್ಲ ಅನ್ನೋದು ಇದಕ್ಕೇ. ಮೀನು ಕೊಳ್ಳೋಕೆ ಮಾರ್ಕೆಟ್ಟಿಗೆ ಹೋದಾಗ ಅದರ ಬಾಯಿ ಯಾವ ಕಡೆ ತಿರುಗಿದೆ ಅಂತ ಒಂದ್ಸಲ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಇನ್ನರ್ಧ ಉತ್ತರ ಯಜಮಾನ್ರ ಎರಡನೇ ಪ್ರಶ್ನೇಲಿದೆ, ಮರಿ ಬಿಟ್ಟು ಸಾಕಿದ್ದಾರಾ ಅನ್ನೋದು. ನಮ್ಮ ಕಡೆ ಕೆರೆ ಹೊಂಡಗಳಲ್ಲಿ ಮೀನು ಸಾಕೋರು ಕೊಡೋ ಮೇವು ಏನು, ತೌಡು ಮತ್ತೆ ಕಡಲೆಕಾಯಿ ಹಿಂಡಿ, ಸಮಭಾಗ. ಮಂಡ್ಯದಲ್ಲಿ ಅಕ್ಕಿ ಗಿರಣಿಗೇನು ಬರ, ತೌಡು ಅಗ್ಗ. ಕಡಲೆಕಾಯಿ ಹಿಂಡೀಲಿ ನೂರಕ್ಕೆ 40ರ ಮೇಲೇ ಪ್ರೋಟೀನ್ ಇರುತ್ತೆ. ಬೆರಳುದ್ದ ಇದ್ದಾಗಿಂದ ಆ ಮೀನು ತಿಂದಿರೋದೇ ಅದು, ಅದರ ವಾಸನೆ ಅಂದ್ರೆ ಊಟ ಅಂತ ಅದಕ್ಕೆ ಗೊತ್ತು. ಮೇವು ಹಾಕೋ ಟೈಮಿಗೆ ದಡಕ್ಕೇ ಬರೋದು ನೀವೂ ನೋಡಿರ್ತೀರಿ. ಕಾಟ್ಲಾ, ರೋಹು, ಗೆಂಡೆ ಎಲ್ಲಾ ಸೇರೋ ಕಾರ್ಪ್ ಜಾತಿ ಮೀನುಗಳಿಗೆ ಕಿವಿನೂ ಚುರುಕು, ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಗೆ ಸಣ್ಣ ಮೂಳೆಗಳ ಒಂದು ಸರಪಳಿನೇ ಇದೆ, ಮೇವು ನೀರಿಗೆ ಬಿದ್ದ ಸದ್ದು ದೂರಕ್ಕೇ ಕೇಳುತ್ತೆ. ಹಾಸನ ಜಿಲ್ಲೆ ರಾಮನಾಥಪುರದಲ್ಲಿ ಕಾವೇರಿ ದಡದ ದೇವಸ್ಥಾನದ ಹತ್ರ ಮೀನಿಗೆ ಪುರಿ ಹಾಕ್ತಾರಲ್ಲ, ಅಲ್ಲಿ ಯಾರೂ ಹಿಡಿಯಂಗಿಲ್ಲ, ಹಿಡಿಯೋದೂ ತಪ್ಪು, ಆದ್ರೆ ಕೈ ನೀರಿನ ಮೇಲೆ ಹೋದ್ರೆ ಸಾಕು ಹೆಂಗೆ ಮುಗಿಬೀಳ್ತವೆ ನೋಡಿ. ಪುರೀಲಿ ಅಂಥ ವಾಸನೆ ಏನಿದೆ? ಅಭ್ಯಾಸ ಅಷ್ಟೇ. ಹಂಗಾಗಿ ಸಾಕಿದ ಕೆರೆಗೆ ಈ ಅಂಗಡಿಯ ತೌಡು ಹಿಂಡಿ ಮಿಕ್ಸಿಗೆ ನಾನು ಹತ್ತಕ್ಕೆ ಹತ್ತು ಕೊಡ್ತೀನಿ.

ಈಗ ವಾಸನೆ ವಿಷಯ. ಇದ್ರಲ್ಲಿ ನಾನು ದುಡ್ಡು ಕಳ್ಕೊಂಡಿದ್ದೀನಿ. ಈ ಅಂಗಡಿ ಗೊತ್ತಾಗೋಕೆ ಮುಂಚೆ ಆನ್‌ಲೈನಲ್ಲಿ ಒಂದು ಎಸೆನ್ಸ್ ಬಾಟ್ಲು ತರಿಸಿದ್ದೆ, ಕಂಪನಿ ಹೆಸರು ಬೇಡ, ಸ್ಟ್ರಾಬೆರಿ ವಾಸನೆದು, ಮುಚ್ಚಳ ತೆಗೆದ್ರೆ ಮನೆಯೆಲ್ಲಾ ಘಮ್ ಅನ್ನೋದು. ಎರಡು ಭಾನುವಾರ ಅದನ್ನ ಹಿಟ್ಟಿಗೆ ಕಲಸ್ಕೊಂಡು ಕೂತಿದ್ದೀನಿ, ಬೆಂಡು ಅಲ್ಲಾಡಲೇ ಇಲ್ಲ. ಬಾಟ್ಲು ಒಂದ್ಸಲ ಯಜಮಾನ್ರಿಗೆ ತೋರಿಸ್ದೆ. ಅದೇ ಜಾಡಿಗೆ ಎರಡು ತೊಟ್ಟು ಬಿಟ್ರು. ಎಣ್ಣೆ ಥರ ಮೇಲಕ್ಕೆ ಬಂದು ಕಾಮನಬಿಲ್ಲಿನ ಬಣ್ಣ ಹರಡ್ಕೊಂಡು ಕೂತ್ಕೊಳ್ತು, ಕೆಳಗಿನ ನೀರು ನೀರಾಗೇ ಇತ್ತು. ‘ಇದು ನಿಮ್ಮ ಮೂಗ್ಗೆ ಮಾಡಿರದು ಸಾ, ಮೀನ್ಗಲ್ಲ’ ಅಂದ್ರು.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲಾ ಓದ್ದೆ, ಅವ್ರು ಹೇಳಿದ್ದು ಸರಿಯಾಗೇ ಇದೆ. ನಮಗೆ ವಾಸನೆ ಬರೋದು ಗಾಳೀಲಿ ಹಾರೋ ವಸ್ತುಗಳಿಂದ, ಮೀನಿಗೆ ಬರೋದು ನೀರಲ್ಲಿ ಕರಗಿದ ವಸ್ತುಗಳಿಂದ. ಮೀನಿನ ಮೂತಿ ಮೇಲೆ ಎರಡೂ ಪಕ್ಕ ಸಣ್ಣ ತೂತು ಇರ್ತವಲ್ಲ, ಅದು ಉಸಿರಾಡೋಕಲ್ಲ, ಉಸಿರಾಟ ಕಿವಿರಲ್ಲಿ. ಆ ತೂತಲ್ಲಿ ನೀರು ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರುತ್ತೆ, ಒಳಗೆ ಮಡಿಕೆ ಮಡಿಕೆಯಾಗಿ ವಾಸನೆ ಹಿಡಿಯೋ ಪದರ ಇದೆ. ಅದು ಹುಡುಕ್ತಾ ಇರೋದು ಮುಖ್ಯವಾಗಿ ಅಮೈನೋ ಆಮ್ಲಗಳನ್ನ, ಅಂದ್ರೆ ಪ್ರೋಟೀನ್ ಒಡೆದಾಗ ಸಿಗೋ ಸಣ್ಣ ಚೂರುಗಳು, ಗ್ಲೈಸೀನ್, ಅಲನೈನ್, ಆರ್ಜಿನೀನ್ ಇಂಥವು. ಇವು ನೀರಲ್ಲಿ ಕರಗ್ತವೆ, ಬಹಳ ಕಮ್ಮಿ ಇದ್ರೂ ಮೀನಿಗೆ ಗೊತ್ತಾಗುತ್ತೆ. ಸ್ಟ್ರಾಬೆರಿ ಘಮ ಎಷ್ಟೇ ಇದ್ರೂ ನೀರಿಗೆ ಇಳೀದೆ ಇದ್ರೆ ಮೀನಿನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಎರೆ ಕೊಳ್ಳುವಾಗ ಮೂಸಿ ನೋಡೋದು ಬಿಟ್ಟು ಒಂದು ಲೋಟ ನೀರಿಗೆ ಹಾಕಿ ನೋಡಿ, ದಯವಿಟ್ಟು.

ಮೀಸೆ ಇರೋ ಮೀನುಗಳದ್ದು ಇನ್ನೂ ಒಂದು ಕೈ ಮೇಲೆ. ಅವಕ್ಕೆ ನಾಲಿಗೆ ರುಚಿ ಬಾಯಲ್ಲಷ್ಟೇ ಅಲ್ಲ, ಮೀಸೆ ತುಂಬ, ಮೈ ಚರ್ಮದ ಮೇಲೂ ಇರುತ್ತೆ. ನಮ್ಮ ನಾಲಿಗೇಲಿ ರುಚಿಮೊಗ್ಗು ಕೆಲವು ಸಾವಿರ, ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್ ಅನ್ನೋ ಮೀನಿನ ಮೈಮೇಲೆ 1 ಲಕ್ಷಕ್ಕೂ ಜಾಸ್ತಿ. ಕತ್ತಲಲ್ಲಿ, ಬಗ್ಗಡ ನೀರಲ್ಲಿ, ಕಣ್ಣಿಂದ ಏನೂ ಕೆಲಸ ಇಲ್ದೇ ಇರೋ ಕಡೆ ಅದು ಮೈಯಿಂದಾನೇ ರುಚಿ ನೋಡ್ಕೊಂಡು ಎರೆ ಹತ್ರ ಬರುತ್ತೆ. ನಮ್ಮ ನಾಲೆಗಳಲ್ಲಿ ಸಿಗೋ ಚೇಳು ಮೀನಿಗೂ, ಹೊಳೆಯ ಬಾಳೆ ಮೀನಿಗೂ ಮೀಸೆ ಇದೆ, ಅವು ರಾತ್ರಿ ಹೊತ್ತು ಕಚ್ಚೋದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಅಂಗಡಿಯವರು ಕೊಡೋದು ಎರೆಹುಳು. ಹುಳು ಅವರದ್ದೇ ಸಾಕಣೆ, ಹಿಂದೆ ಸಗಣಿ ಗುಂಡೀಲಿ ಅವರ ಮನೆಯವರು ನೋಡ್ಕೋತಾರೆ. ಆ ಅಕ್ಕ ಒಂದು ದಿನ ಹುಳು ಸಿಗ್ಸೋದು ತೋರಿಸಿಕೊಟ್ರು. ನಾನು ಇಡೀ ಹುಳನ ಕೊಕ್ಕೆಗೆ ಉದ್ದಕ್ಕೂ ಪೋಣಿಸಿಬಿಡ್ತಿದ್ದೆ, ಹುಳ ಅಲ್ಲಾಡ್ದಂಗಾಗೋದು. ಅವ್ರು ಹಂಗಲ್ಲ, ನಡುವೆ ಎರಡೇ ಕಡೆ ಚುಚ್ಚಿ, ಎರಡು ತುದಿನೂ ಸಡ್ಲ ಬಿಟ್ರು, ಆಮೇಲೆ ಒಂದು ತುದೀನ ಉಗುರಲ್ಲಿ ಚೂರು ಚಿವುಟಿದ್ರು. ಹಳದಿ ರಸ ಒಂದು ತೊಟ್ಟು ಬಂತು. ‘ಈ ರಸ ಇಳೀಬೇಕು ಕಣಪ್ಪ, ಅದುನ್ನ ಮೂಸ್ಕಂಡೇ ಅದು ಬರದು, ಅಲ್ಲಾಡದ್ ನೋಡಿ ಬಾಯಾಕದು’ ಅಂದ್ರು. ಕರಗೋ ರಸ ದೂರದಿಂದ ಕರೆಯೋಕೆ, ಅಲ್ಲಾಟ ಹತ್ರ ಬಂದ ಮೀನಿಗೆ. ಮೀನಿನ ಮೈ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತಲ್ಲ, ನೀರಿನ ಸಣ್ಣ ಅದುರಾಟ ಅದರಲ್ಲಿ ಗೊತ್ತಾಗುತ್ತೆ, ಹುಳ ಹೊರಳಿದ್ರೆ ಸಾಕು. ಅಕ್ಕನಿಗೆ ಆ ಗೆರೆ ಹೆಸರು ಗೊತ್ತಿಲ್ಲ, ಕೆಲಸ ಪೂರ್ತಿ ಗೊತ್ತು.

ಹುಳಕ್ಕೆ ಸೀಸನ್ನು ಮಳೆಗಾಲ. ವಿಶ್ವೇಶ್ವರಯ್ಯ ನಾಲೇಲಿ ಹೊಸ ನೀರು ಬಿಟ್ಟಾಗ ನೀರು ಕೆಂಪಗೆ ಬರುತ್ತೆ, ಗದ್ದೆ ಬದುಗಳಿಂದ ಹುಳ ಕೊಚ್ಚಿಕೊಂಡು ನೀರಿಗೆ ಬೀಳ್ತವೆ, ಮೀನು ಅದನ್ನೇ ಕಾಯ್ತಿರುತ್ತೆ. ಆ ಹೊತ್ತಲ್ಲಿ ಕಲರ್ ಕಲರ್ ಪ್ಲಾಸ್ಟಿಕ್ ಎರೆಗೆ ದುಡ್ಡು ಹಾಕ್ಬೇಡಿ. ತಿಳಿ ನೀರಲ್ಲೇ ಕೆಂಪು ಬಣ್ಣ ಕೆಲವು ಮೀಟರ್ ಆಳಕ್ಕೆ ಮಂಕಾಗಿ ಹೋಗುತ್ತೆ, ಇನ್ನು ಬಗ್ಗಡದಲ್ಲಿ ಏನು ಕಾಣುತ್ತೆ.

ಹುಳಿ ಬರಿಸಿದ ಎರೆ ಇವರ ಹತ್ರ ಇರೋದ್ರಲ್ಲೇ ನಂಗೆ ಬಹಳ ಇಷ್ಟ. ತೌಡು, ಹಿಂಡಿ, ಸ್ವಲ್ಪ ಬೇಯಿಸಿದ ಜೋಳ, ಒಂದು ಅಚ್ಚು ಬೆಲ್ಲ, ಮಡಕೇಲಿ ಹಾಕಿ ಬಟ್ಟೆ ಕಟ್ಟಿ ಎರಡು ಮೂರು ದಿನ ಇಡ್ತಾರೆ. ಬೆಲ್ಲ ಆಲೆಮನೆಯಿಂದ ನೇರ ತಂದಿದ್ದು, ಮಂಡ್ಯದಲ್ಲಿ ಅದಕ್ಕೇನು. ನಾನು ಮೊದಲು ಬೆಲ್ಲ ಮೀನಿಗೆ ಸಿಹಿ ಅಂತ ಹಾಕ್ತಾರೆ ಅನ್ಕೊಂಡಿದ್ದೆ. ಯಜಮಾನ್ರು ಹೇಳಿದ್ದು ಬೇರೆ, ಬೆಲ್ಲ ಇದ್ರೆ ಬೇಗ ಹುಳಿ ಬರುತ್ತೆ ಅಂತ, ಸರಿನೇ, ಹುದುಗು ಬರಿಸೋ ಜೀವಿಗಳಿಗೆ ಮೇವೇ ಸಕ್ಕರೆ. ದೋಸೆ ಹಿಟ್ಟು ರಾತ್ರಿ ಉಬ್ಬೋದಿಲ್ವಾ, ಅದೇ. ಹುಳಿ ಬಂದಾಗ ಹಿಂಡಿಯೊಳಗಿನ ದೊಡ್ಡ ಪ್ರೋಟೀನ್ ಒಂದಷ್ಟು ಒಡೆದು ಕರಗೋ ಚೂರಾಗುತ್ತೆ, ಜೊತೆಗೆ ಹುಳಿ ಆಮ್ಲಗಳು ಸೇರ್ಕೋತವೆ. ಅಂದ್ರೆ ಮೀನು ಹುಡುಕೋ ವಸ್ತುನ ನಾವೇ ಮೊದಲೇ ಬಿಡಿಸಿ ಕೊಟ್ಟಂಗೆ. ಹಸಿ ಹಿಂಡಿ ನೀರಿಗೆ ಹಾಕಿದ್ರೆ ನಿಧಾನ, ಹುಳಿ ಬಂದಿದ್ದು ಹಾಕಿದ ಕೂಡ್ಲೇ ಕೆಲಸ ಶುರು. ಸಾಮಾನ್ಯ ಗೆಂಡೆಗೆ ಇದನ್ನ ಮೀರಿಸಿದ್ದು ನಾನು ನೋಡಿಲ್ಲ. ಆದ್ರೆ ನಾಲ್ಕು ದಿನ ದಾಟಿದ್ರೆ ಹುಳಿ ಹೋಗಿ ಕೊಳೆತ ನಾತ ಬರುತ್ತೆ, ಬೂಸ್ಟು ಕಟ್ಟುತ್ತೆ, ಅದನ್ನ ಬಳಸ್ಬೇಡಿ.

ಚಳಿಗಾಲದಲ್ಲಿ ಒಂದು ಮಾತು. ಮೀನಿನ ಮೈ ಶಾಖ ಸುತ್ತಲಿನ ನೀರಿನ ಶಾಖದಷ್ಟೇ, ನೀರು ತಣ್ಣಗಾದ್ರೆ ಅದರ ಜೀರ್ಣಶಕ್ತಿನೂ ನಿಧಾನ. ಡಿಸೆಂಬರ್ ಜನವರೀಲಿ ಬೆಳಿಗ್ಗೆ ಹೊತ್ತು ಇದೇ ಎರೇನ ದೊಡ್ಡ ಉಂಡೆ ಮಾಡಿ ಎಸೆದ್ರೆ ಹೊಟ್ಟೆ ತುಂಬಿ ಕೊಕ್ಕೆ ಹತ್ರ ಬರಲ್ಲ, ಕಡಲೆಕಾಳಿನಷ್ಟು ಸಾಕು.

ಇನ್ನು ರಾಗಿ. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದ್ರೆ ಮಹಶೀರ್‌ಗೆ, ರಾಗಿ ಮುದ್ದೆ ಉಂಡೆ ಹಾಕೋದು ಬಹಳ ಹಳೇ ರೂಢಿ. ಹರಿಯೋ ನೀರಲ್ಲಿ ಕರಗಿ ಹೋಗೋ ಎರೆ ನಿಲ್ಲಲ್ಲ, ಗಟ್ಟಿ ಬೇಯಿಸಿದ ರಾಗಿ ಮಾತ್ರ ಕೊಕ್ಕೆ ಕಚ್ಕೊಂಡು ತಳದಲ್ಲಿ ಕೂತ್ಕೊಳ್ಳುತ್ತೆ, ಸಣ್ಣ ಮೀನು ಕುಟುಕಿದ್ರೂ ಬೇಗ ಬಿಡಲ್ಲ, ಜಾಡೀಲಿ ನೋಡಿದ್ದು ಅದೇ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನೀಲಿ 120 ಪೌಂಡಿನ ಮಹಶೀರ್ ಹಿಡಿದಿದ್ರು, ಅಂದ್ರೆ ಸುಮಾರು 54 ಕೆಜಿ. ಇವತ್ತು ಆ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನಂಚಿನ ಪಟ್ಟೀಲಿ ತೀರಾ ಅಪಾಯದ ಸ್ಥಾನದಲ್ಲಿದೆ, ಕಾವೇರಿ ಮತ್ತೆ ಅದಕ್ಕೆ ಸೇರೋ ಹೊಳೆಗಳು ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮೀನು. ಭೀಮೇಶ್ವರಿ ಕಡೆ ಮುಂಚೆ ಗಾಳ ಹಾಕೋ ಕ್ಯಾಂಪ್ ಇತ್ತು, ವನ್ಯಧಾಮದೊಳಗೆ ಅದು ನಿಂತು ಹೋಗಿದೆ. ನಾನು ಖುಷಿಯಿಂದಾನೇ ಹೇಳ್ತೀನಿ, ಈ ಯಜಮಾನ್ರು ಬಿಳಿಮೀನಿಗೆ ಅಂತ ಬಂದೋರಿಗೆ ರಾಗಿ ಉಂಡೆ ಕೊಡಲ್ಲ. ಹೊಳೆಗೆ ಅಂತ ಕಟ್ಟೋ ಉಂಡೆ ಆದ್ರೂ ಈಗ ಅದು ಹೊಳೆ ಪಕ್ಕದ ಖಾಸಗಿ ಹೊಂಡಗಳಿಗೆ, ಗೆಂಡೆಗೆ ಮಾತ್ರ ಅಂತಾರೆ. ರಾಗಿ ಉಂಡೆಗೆ ಸ್ವಲ್ಪ ಕಡಲೆಕಾಯಿ ಹಿಂಡಿ ಸೇರಿಸಿರ್ತಾರೆ, ಬರೀ ರಾಗಿಗೆ ಕರೆಯೋ ಶಕ್ತಿ ಕಮ್ಮಿ, ಹಿಡಿಯೋ ಶಕ್ತಿ ಜಾಸ್ತಿ, ಎರಡೂ ಸೇರಿದ್ರೆ ಸರಿಯಾಗುತ್ತೆ.

ಕೈ ತೊಳೆಯೋ ವಿಷಯ ಬರೀಲೇಬೇಕು. ಹೋದ ವರ್ಷ ತೊಣ್ಣೂರು ಕಡೆ ಒಂದು ಹೊಂಡಕ್ಕೆ ಬೆಳಗಿನ ಜಾವ ಹೋಗಿದ್ವಿ, ನಾನು ನಮ್ಮ ಭಾವ. ಸೊಳ್ಳೆ ಅಂತ ನಾನು ಕ್ರೀಮ್ ಹಚ್ಕೊಂಡು ಅದೇ ಕೈಯಲ್ಲಿ ಎರೆ ಕಲಸಿದೆ. ಭಾವ ಹಚ್ಕೊಂಡಿರಲಿಲ್ಲ, ಅವ್ರೇ ಕಲಸಿಕೊಂಡಿದ್ರು. ಅದೇ ಅಂಗಡಿ ಎರೆ, ಹತ್ತಡಿ ಅಂತರ, ಅವ್ರಿಗೆ ಒಂಬತ್ತು ಗಂಟೆಯೊಳಗೆ ನಾಲ್ಕು ರೋಹು, ನಂಗೆ ಒಂದು ಜಿಲೇಬಿ ಮೀನೂ ಇಲ್ಲ. ಅಂಗಡೀಲಿ ಹೇಳಿದಾಗ ಅಕ್ಕ ತುಂಬಾ ಸೀರಿಯಸ್ಸಾಗಿ ‘ಸೋಪು, ಕ್ರೀಮು, ಪೆಟ್ರೋಲು, ಬೀಡಿ, ಯಾವ್ದೂ ಕೈಗಿರಬಾರ್ದು, ಕೆರೆ ಮಣ್ಣಲ್ಲಿ ಉಜ್ಕಂಡು ತೊಳ್ಕಳಿ’ ಅಂದ್ರು. ಮನುಷ್ಯರ ಚರ್ಮ ತೊಳೆದ ನೀರಲ್ಲಿರೋ ಸೆರಿನ್ ಅನ್ನೋ ಅಮೈನೋ ಆಮ್ಲ ಸಾಲ್ಮನ್ ಮೀನುಗಳನ್ನ ಹಿಂದಕ್ಕೆ ಓಡಿಸುತ್ತೆ ಅಂತ 1950ರ ದಶಕದಲ್ಲೇ ತೋರಿಸಿದ್ದಾರೆ. ಹತ್ರ ಕರೆಯೋದೂ ಅಮೈನೋ ಆಮ್ಲ, ದೂರ ಓಡಿಸೋದೂ ಅಮೈನೋ ಆಮ್ಲ. ಈಗ ನಾನು ಕೆರೆ ಮಣ್ಣು ಹಾಕಿ ಉಜ್ಜದೆ ಡಬ್ಬ ಮುಟ್ಟಲ್ಲ.

ಇದರ ಜೊತೆದೇ ಇನ್ನೊಂದು. ಒಂದು ಮೀನು ಅರ್ಧ ಎಳೆದಾಗ ತಪ್ಪಿಸ್ಕೊಂಡ್ರೆ ಆಮೇಲೆ ಆ ಜಾಗದಲ್ಲಿ ತುಂಬಾ ಹೊತ್ತು ಕಚ್ಚಲ್ಲ, ಗಾಳ ಹಾಕೋರಿಗೆಲ್ಲಾ ಗೊತ್ತು. ಕಾರ್ಲ್ ವಾನ್ ಫ್ರಿಶ್ ಅನ್ನೋ ವಿಜ್ಞಾನಿ 1938ರಲ್ಲಿ ಇದಕ್ಕೆ ಹೊಂದೋ ಒಂದು ವಿಷಯ ಬರೆದಿದ್ರು, ಜೇನುನೊಣದ ಕುಣಿತ ಅರ್ಥ ಮಾಡಿಕೊಟ್ಟು ಆಮೇಲೆ 1973ರಲ್ಲಿ ನೊಬೆಲ್ ತಗೊಂಡವರು. ಒಂದು ಸಣ್ಣ ಮೀನಿನ ಚರ್ಮಕ್ಕೆ ಗಾಯ ಆದಾಗ ಅದರಿಂದ ನೀರಿಗೆ ಏನೋ ಇಳಿಯುತ್ತೆ, ಅದು ಮೂಗಿಗೆ ಬಿದ್ದ ತಕ್ಷಣ ಗುಂಪಿಗೆ ಗುಂಪೇ ಹೆದರಿ ಚದುರುತ್ತೆ. ಕಾರ್ಪ್ ಸಂಬಂಧದ ಮೀನುಗಳಲ್ಲಿ ಇದು ಜೋರು. ಅಂಥ ಹೊತ್ತಲ್ಲಿ ಎರೆ ಬದಲಾಯಿಸಿ ಪ್ರಯೋಜನ ಇಲ್ಲ, ಜಾಗ ಬದಲಾಯಿಸಿ. ಯಜಮಾನ್ರೂ ಅದೇ ಹೇಳೋದು, ಎರೆ ಸರಿಯಿಲ್ಲ ಅಂತ ವಾಪಸ್ ಬಂದೋರಿಗೆ ಮೊದಲು ‘ಮೀನ್ ತಪ್ಪಿಸ್ಕತ್ತಾ?’ ಅಂತಾನೇ ಕೇಳ್ತಾರೆ.

ಅಂಗಡಿ ಬಗ್ಗೆ ಬೇಜಾರುಗಳೂ ಇವೆ, ಬರೀದೆ ಇದ್ರೆ ತಪ್ಪಾಗುತ್ತೆ. ಎರೆಹುಳನ್ನ ಪ್ಲಾಸ್ಟಿಕ್ ಡಬ್ಬದಲ್ಲಿ ಕೊಡ್ತಾರೆ, ಮುಚ್ಚಳಕ್ಕೆ ತೂತು ಸಾಲಲ್ಲ, ಏಪ್ರಿಲ್ ಬಿಸಿಲಲ್ಲಿ ಮೈಸೂರು ಮುಟ್ಟೋಷ್ಟರಲ್ಲಿ ಅರ್ಧ ಹುಳ ಸತ್ತಿರ್ತವೆ. ಒದ್ದೆ ಗೋಣಿ ಚೂರು, ಮಣ್ಣು ಹಾಕಿ ನಾವೇ ಬಟ್ಟೆ ಚೀಲ ತಗೊಂಡು ಹೋಗೋದು ವಾಸಿ. ಮಿಕ್ಸ್ ಪೊಟ್ಟಣದ ಮೇಲೆ ಯಾವತ್ತು ಮಾಡಿದ್ದು ಅಂತ ಬರೆಯಲ್ಲ, ಹುಳಿ ಎರೆಗೆ ಅದು ಬೇಕೇ ಬೇಕು, ಎರಡು ಸಲ ಹೇಳಿದ್ದೀನಿ. ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದ್ರೆ ನಾಲ್ಕೂವರೆಗೇ ತೆಗೆಯೋದು. ರೀಲು ರಾಡು ಚೆನ್ನಾಗಿರೋದು ಬೇಕು ಅಂದ್ರೆ ಇಲ್ಲಿ ಸಿಗಲ್ಲ. ರೇಟು ಮಾತ್ರ ನ್ಯಾಯವಾಗಿದೆ, ತೌಡು ಹಿಂಡಿ ಮಿಕ್ಸು ನೂರು ರೂಪಾಯಿಗೆ ಒಂದು ಭಾನುವಾರ ಇಬ್ಬರಿಗೆ ಸಾಕಾಗಿ ಉಳಿಯುತ್ತೆ, ಫೋನ್‌ಪೇ ಇದೆ.

ಕೊನೇದಾಗಿ ಇವರ ಹತ್ರ ಸಿಗೋ ರಬ್ಬರ್ ಕಪ್ಪೆ, ಕೊಕ್ಕೆ ಇರೋ ನಕಲಿ ಎರೆ. ಅದು ಕುಚ್ಚು ಮೀನಿಗೆ, ಮುರ್ರೆಲ್ ಅಂತಾರಲ್ಲ ಅದಕ್ಕೆ. ಇದು ಮೇಲೆ ಬಂದು ಗಾಳಿ ಕುಡಿಯೋ ಮೀನು, ಜೊಂಡು ಇರೋ ಕಡೆ ಅಲ್ಲಾಡ್ದೆ ಕೂತಿರುತ್ತೆ, ಬೇಟೆ ನೋಡಿ ಹಾರುತ್ತೆ. ಇದಕ್ಕೆ ವಾಸನೆ ಎರೆ ಅಷ್ಟು ಲೆಕ್ಕಕ್ಕಿಲ್ಲ, ನೀರಿನ ಮೇಲೆ ಕಪ್ಪೆ ಪಳಕ್ ಪಳಕ್ ಅಂತ ಬಂದಂಗಿರಬೇಕು, ನಿಂತು, ಮತ್ತೆ ಎರಡು ಎಳೆತ, ಮತ್ತೆ ನಿಂತು. ನಿಂತಾಗಲೇ ಹೊಡೆಯುತ್ತೆ. ಕಪ್ಪೆ ಗುಣಮಟ್ಟ ಪರವಾಗಿಲ್ಲ, ಐದಾರು ಮೀನು ಹಿಡಿಯೋಷ್ಟರಲ್ಲಿ ಅದರ ಹೊಟ್ಟೆ ಹರಿಯುತ್ತೆ.

ಹೋದ ತಿಂಗಳು ಅದನ್ನೇ ಇನ್ನೊಂದು ತಗೊಳ್ಳೋಣ ಅಂತ ಹೋದೆ. ‘ಯಾವ್ ಕೆರೆಗೆ?’ ಮಾಮೂಲಿ. ಹೇಳ್ದೆ, ಮೂರು ದಿನದ ಹಿಂದೆ ಹೋಗಿ ನೋಡ್ಕೊಂಡೂ ಬಂದಿದ್ದೀನಿ, ಜೊಂಡಿನ ಹತ್ರ ಕುಚ್ಚು ಓಡಾಡ್ತಿದೆ ಅಂತ. ‘ನೀರ್ ಮೇಲೆ ಕೆಂಪುಗೆ ಏನಾರ ಗುಂಪು ಕಂಡ್ತಾ?’ ಅಂದ್ರು. ಕಂಡಿತ್ತು, ಅಂಗೈ ಅಗಲ, ಕೇಸರಿ ಬಣ್ಣದ ಸಣ್ಣ ಮರಿಗಳು ಒಟ್ಟಿಗೆ ಮೇಲಕ್ಕೆ ಬಂದು ಬಂದು ಗಾಳಿ ಕುಡಿದು ಹೋಗ್ತಿದ್ವು, ಎಷ್ಟು ಚೆನ್ನಾಗಿತ್ತು ಅಂದ್ರೆ ನಾನು ಫೋನಲ್ಲಿ ವಿಡಿಯೋ ಕೂಡ ಮಾಡಿದ್ದೆ, ತೋರಿಸ್ದೆ. ಅವ್ರು ಫೋನ್ ಕೈಗೆ ತಗೊಂಡು ಎರಡು ಸಲ ನೋಡಿದ್ರು. ‘ಇವು ಅದರ ಮರಿ ಸಾ, ತಂದೆ ತಾಯಿ ಕೆಳಗೇ ಕಾಯ್ತಾ ಇರ್ತವೆ, ಈಗ ಕಪ್ಪೆ ಬುಟ್ರೆ ಹಸಿವಿಗಲ್ಲ, ಮರಿ ತಿನ್ನಕೆ ಬಂತು ಅಂತ ಓಡ್ಸಕ್ಕೆ ಕಚ್ಚುತ್ತೆ. ಅದುನ್ನ ಎಳ್ಕಂಡ್ರೆ ಈ ಮರಿಗಳು ಸಂಜೆಯೊಳ್ಗೆ ಬೇರೆ ಮೀನ್ ಬಾಯ್ಗೆ’ ಅಂದ್ರು. ಕಪ್ಪೆನ ಗೋಡೆ ಮೊಳೆಗೆ ವಾಪಸ್ ನೇತಾಕಿದ್ರು. ಒಂದೂವರೆ ತಿಂಗಳು ಬಿಟ್ಟು ಬನ್ನಿ ಅಂತ ಹೇಳಿ, ತೌಡು ಹಿಂಡಿ ಒಂದು ಪೊಟ್ಟಣ ಕಟ್ಟಿಕೊಟ್ಟು, ಅದೇ ಕೆರೆ ಆ ಕಡೆ ಏರಿ ಮೇಲೆ, ತೂಬಿನ ಹತ್ರ ಕೂತ್ಕೊಳ್ಳಿ, ಅಲ್ಲಿ ಕಾಟ್ಲಾ ಅವೆ ಅಂದ್ರು.